ಬಿಸಿಲಿಗೆ ಬೆನ್ನು ಹಾಕಿದ ಮನೆ

ನಮ್ಮ ಕಣಿವೆಯಲ್ಲಿ ಹಟಮಾರಿಗಳಿಗೆ ಯಾವತ್ತೂ ಬರ ಬಂದಿಲ್ಲ. ಆದರೂ ಅವರಲ್ಲಿ ಹಿರಿಯ ಯಾರು ಎಂದು ಕೇಳಿದರೆ ಮುರುಕುಗಾಡಿ ಹಳ್ಳದ ಎರಡೂ ದಡದವರು ಇವತ್ತಿಗೂ ಒಂದೇ ಹೆಸರು ಹೇಳುತ್ತಾರೆ: ಫೆಲಿಮ್ ಹೆಫರ್ನನ್. ಅವನು ನಮ್ಮ ಅಜ್ಜನ ಅಜ್ಜ. ಬೇರೆಯವರು ಅವನನ್ನು ಆಡಿಕೊಂಡರೆ ನಮಗೆ ಸಿಟ್ಟು ಬರುತ್ತದೆ. ನಾವು ಮಾತ್ರ ಆಡಿಕೊಳ್ಳದೆ ಬಿಟ್ಟ ದಿನವಿಲ್ಲ.

ನ್ಯೂ ಸೌತ್ ವೇಲ್ಸ್‌ನ ಈ ಗುಡ್ಡಗಳಲ್ಲಿ ಜುಲೈ ಬಂತೆಂದರೆ ಕುರಿಗಳ ಬೆನ್ನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಸೂರ್ಯ ಉತ್ತರದ ಕಡೆಯಿಂದ ಓರೆಯಾಗಿ ಹಾದುಹೋಗುತ್ತಾನೆ. ಬುದ್ಧಿ ಇದ್ದವನು ಬಾಗಿಲನ್ನು ಉತ್ತರಕ್ಕೆ ಇಟ್ಟು, ಹೊಸ್ತಿಲ ಮೇಲೆ ಕೂತು ಬೆನ್ನು ಕಾಯಿಸಿಕೊಳ್ಳುತ್ತಾನೆ. ಫೆಲಿಮ್ ತನ್ನ ಮನೆಯ ಒಂದೇ ಒಂದು ಬಾಗಿಲನ್ನು ದಕ್ಷಿಣಕ್ಕೆ ಇಟ್ಟ. ಏಳು ವರ್ಷ ಆ ಮನೆಯೊಳಗೆ ಚಳಿಗಾಲದಲ್ಲಿ ಒಂದು ಹಿಡಿ ಬಿಸಿಲು ಬೀಳಲಿಲ್ಲ. ತಪ್ಪೆಂದು ಗೊತ್ತಾದ ಮೇಲೂ ಅವನು ತಿದ್ದಲಿಲ್ಲ. ಯಾಕೆಂದರೆ ಹೆಂಡತಿ ಬರಬೇಕಿತ್ತು.

ಮೊದಲು ಒಂದು ಮಾತು ಹೇಳಿಬಿಡಬೇಕು. ಅವನು ಕೈದಿಯಾಗಿ ಬಂದವನು ನಿಜ, ಆದರೆ ಕಳ್ಳನಲ್ಲ, ಕೊಲೆಗಾರನಲ್ಲ. ಅವನು ಮಾಡಿದ ಅಪರಾಧ ಕತ್ತಲಾದ ಮೇಲೆ ಮನೆಯಿಂದ ಹೊರಗೆ ಕಾಲಿಟ್ಟದ್ದು. 1822ರ ಚಳಿಗಾಲ ಅದು. ಐರ್ಲೆಂಡಿನ ಟಿಪರರಿ ಸೀಮೆಯಲ್ಲಿ ಗೇಣಿ ತಾಳಲಾರದ ಒಕ್ಕಲುಗಳು ಜಮೀನ್ದಾರರ ಬಣವೆಗಳಿಗೆ ಬೆಂಕಿ ಇಡುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಹೊರಗೆ ಸಿಕ್ಕವನಿಗೆ ಏಳು ವರ್ಷ ಗಡೀಪಾರು ಎಂದು ಸರಕಾರ ಕಾನೂನು ಮಾಡಿತ್ತು. ಅಂಥ ಒಂದು ಸಂಜೆಯೇ ಫೆಲಿಮ್‌ನ ಹೆಂಡತಿ ಹನೋರಾಳಿಗೆ ಚೊಚ್ಚಲ ಹೆರಿಗೆಯ ನೋವು ಬಂತು. ಆ ಗಡಿಬಿಡಿಯಲ್ಲಿ ಯಾರೂ ನೋಡದೆ ಒಲೆಯ ಬೆಂಕಿ ಆರಿಹೋಯಿತು.

ಒಲೆ ಆರುವುದು ಆ ಜನಕ್ಕೆ ಸಣ್ಣ ಸಂಗತಿಯಲ್ಲ. ಮಲಗುವ ಮುಂಚೆ ಮನೆಯೊಡತಿ ಕೆಂಡಗಳನ್ನು ನಡುವಿಗೆ ಗುಡ್ಡೆ ಮಾಡಿ, ಬೂದಿ ಮುಚ್ಚಿ, ಸಂತ ಬ್ರಿಜಿಡಳ ಹೆಸರು ಹೇಳಿ ಏಳುತ್ತಾಳೆ. ಬೆಳಿಗ್ಗೆ ಬೂದಿ ಸರಿಸಿ ಅದೇ ಕೆಂಡದಿಂದ ಒಲೆ ಹಚ್ಚುತ್ತಾಳೆ. ಅಪ್ಪನ ಕಾಲದ ಬೆಂಕಿ, ಅಜ್ಜನ ಕಾಲದ ಬೆಂಕಿ ಎಂದು ಲೆಕ್ಕ ಹೇಳುವ ಮನೆಗಳಿದ್ದವು. ಮನೆಯವರು ಯಾರಾದರೂ ದೂರ ಹೋಗಿದ್ದರಂತೂ ಅವರು ತಿರುಗಿ ಬರುವವರೆಗೆ ಬೆಂಕಿ ಆರಕೂಡದು. ಅಕಸ್ಮಾತ್ ಆರಿದರೆ ನೆರೆಮನೆಯಿಂದ ಕೆಂಡ ತರಬೇಕು.

ಫೆಲಿಮ್ ಮುಂಬಾಗಿಲ ಸಂದಿಯಿಂದ ಇಣುಕಿದ. ರಸ್ತೆಯಲ್ಲಿ ಗಸ್ತಿನ ಸಿಪಾಯಿಗಳ ಲಾಂದ್ರ ಕಂಡಿತು. ಕಬ್ಬಿಣದ ಮಡಕೆಯೊಂದನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದ.

“ಟೂಹಿ ಅಜ್ಜಿ ಮನೇಗೆ ಹೋಗಿ ಕೆಂಡ ತಂದ್ಬಿಡ್ತೀನಿ ಕಣೇ,” ಅಂದ. “ಅಷ್ಟರಲ್ಲಿ ಹೆತ್ತುಬಿಟ್ಟೀಯ!”

“ಕೂಸು ನಿನ್ನ ಅಪ್ಪಣೆ ಕಾಯ್ತದಾ?” ಹನೋರಾ ಹಲ್ಲು ಕಚ್ಚಿಕೊಂಡೇ ಅಂದಳು. “ಬೇಗ ಬಾ, ಮಾರಾಯ.”

ಹೋಗುವಾಗ ಯಾರೂ ನೋಡಲಿಲ್ಲ. ಬರುವಾಗ ಗಾಳಿ ಎದ್ದು ಮಡಕೆಯಿಂದ ಕಿಡಿ ಹಾರಿತು. ಹೊಲದ ಆಚೆಯಿಂದ ಸಿಪಾಯಿಗಳಿಗೆ ಕಂಡದ್ದು, ಬೆಂಕಿ ಹಿಡಿದುಕೊಂಡು ಕತ್ತಲಲ್ಲಿ ಓಡುತ್ತಿದ್ದ ಒಬ್ಬ ಗಂಡಸು. ತನ್ನ ಮನೆಯಿಂದ ಕೂಗಳತೆಯಲ್ಲಿ ಅವನು ಸಿಕ್ಕಿಬಿದ್ದ. ಹೆಂಡತಿಗೆ ಹೆರಿಗೆ ಎಂದು ಅವನು ಎಷ್ಟು ಹೇಳಿದರೂ ನ್ಯಾಯಾಧೀಶರು ಮಡಕೆಯನ್ನೇ ನೋಡುತ್ತಿದ್ದರು.

ಅವನನ್ನು ಗಾಡಿಗೆ ಹತ್ತಿಸಿ ಬಂದರಿಗೆ ಒಯ್ಯುವ ದಿನ ಜೈಲಿನ ಎದುರು ಜನ ಸೇರಿದ್ದರು. ಹನೋರಾ ಶಾಲಿನೊಳಗೆ ಕೂಸನ್ನು ಕಟ್ಟಿಕೊಂಡು ನಿಂತಿದ್ದಳು. ಕೂಸಿನ ಮುಖ ಕಾಣಲಿಲ್ಲ, ಶಾಲಿನ ಉಬ್ಬು ಮಾತ್ರ ಕಂಡಿತು. ಹೆಣ್ಣು ಎಂದು ಯಾರೋ ಕೂಗಿ ಹೇಳಿದರು. ಗಾಡಿ ಹೊರಟಿತು. ಮಾತಾಡುವುದಕ್ಕೆ ಸಾವಿರ ಇತ್ತು, ಸಮಯ ಇದ್ದದ್ದು ಒಂದಕ್ಕೆ. ಫೆಲಿಮ್ ಗಾಡಿಯ ಕಂಬಿ ಹಿಡಿದು ಎದ್ದುನಿಂತು ಕೂಗಿದ:

“ಹನೋರಾ, ನಾನು ಬರೋತನಕ ಬೆಂಕಿ ಆರಿಸ್ಬೇಡ!”

ಆ ಒಂದು ಮಾತು ಮುಂದೆ ಅವರಿಬ್ಬರ ಕಾಲಿಗೆ ತೊಡರಿದ್ದು ಯಾವ ಸಂಕೋಲೆಗೂ ಕಡಿಮೆಯಲ್ಲ.

ಇಲ್ಲಿಗೆ ಬಂದ ಮೇಲೆ ಫೆಲಿಮ್‌ನನ್ನು ಒಬ್ಬ ಸಾಹೇಬರ ಕುರಿ ಕಾಯಲು ಹಚ್ಚಿದರು. ಅವನು ಜಗಳಗಂಟನಲ್ಲ, ಕುಡುಕನಲ್ಲ. ಐದನೆಯ ವರ್ಷಕ್ಕೆ ಸ್ವಂತವಾಗಿ ದುಡಿದು ಬದುಕಬಹುದು ಎಂಬ ರಹದಾರಿ ಕಾಗದ ಸಿಕ್ಕಿತು. ನಡತೆ ಚೆನ್ನಾಗಿದ್ದ ಕೈದಿ ಅರ್ಜಿ ಹಾಕಿದರೆ ಅವನ ಹೆಂಡತಿ ಮಕ್ಕಳನ್ನು ಸರಕಾರವೇ ಹಡಗಿನಲ್ಲಿ ಕರೆತರುತ್ತದೆ ಎಂಬ ಸುದ್ದಿಯೂ ಸಿಕ್ಕಿತು. ಅರ್ಜಿ ಬರೆದುಕೊಟ್ಟವರು ಶಾನಹನ್ ಮೇಷ್ಟ್ರು. ಅವರೂ ಕೈದಿಯಾಗಿ ಬಂದವರೇ. ಊರಲ್ಲಿ ಬೇಲಿ ಮರೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಜಮೀನ್ದಾರನಿಗೆ ಬೆದರಿಕೆ ಪತ್ರ ಬರೆದರೆಂದು ಸಿಕ್ಕಿಬಿದ್ದಿದ್ದರು. ಅಕ್ಷರ ಅಷ್ಟು ಮುದ್ದಾಗಿ ಇಲ್ಲದಿದ್ದರೆ ತನ್ನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಅರ್ಜಿ ಮಂಜೂರಾಯಿತು. ಹನೋರಾ ಬರುತ್ತಾಳೆ ಎಂದು ಫೆಲಿಮ್ ಮನೆ ಕಟ್ಟಲು ನಿಂತ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಇವನು ಮದುವೆ ಮೊದಲೇ ಮಾಡಿಕೊಂಡು ಏಳು ವರ್ಷ ಆದ ಮೇಲೆ ಮನೆಗೆ ಕೈ ಹಾಕಿದ್ದ. ಮುರುಕುಗಾಡಿ ಹಳ್ಳದ ಪಕ್ಕ ಅವನಿಗೆ ನೆಲ ಸಿಕ್ಕಿತು. ಸಿಕ್ಕಿತು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಆ ಹಳ್ಳ ಈ ನೆಲದ ಮೂಲನಿವಾಸಿಗಳಾದ ನುನವಾಲ್ ಜನರದ್ದು. ಅವರ ಅಜ್ಜಂದಿರ ಅಜ್ಜಂದಿರು ಅಲ್ಲಿ ಮೀನು ಹಿಡಿದವರು. ಯಾರೂ ಅವರನ್ನು ಕೇಳಲಿಲ್ಲ. ಒಕ್ಕಲೆಬ್ಬಿಸಿದರೆ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ಚೆನ್ನಾಗಿ ಗೊತ್ತಿದ್ದ ನಮ್ಮ ಫೆಲಿಮ್ ಕೂಡ ಕೇಳಲಿಲ್ಲ. ಅವನ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ ಇದನ್ನು ನುಂಗಿಕೊಂಡು ಕಥೆ ಹೇಳಲಾರೆ.

ಅವನಿಗೆ ಇದ್ದ ಯೋಚನೆ ಒಂದೇ. ಭೂಮಿಯ ಆ ತುದಿಯಿಂದ ಈ ತುದಿಗೆ ಬರುವ ಹೆಂಗಸು, ಗುರುತಿಲ್ಲದ ಮರ, ಗುರುತಿಲ್ಲದ ಹಕ್ಕಿ ನೋಡಿ ಹೆದರಿಕೊಂಡಿರುತ್ತಾಳೆ. ಅವಳು ಬಂದಾಗ ಎದುರಿಗೆ ತನ್ನದೇ ಮನೆ ಕಾಣಬೇಕು. ಊರಿನ ಕಲ್ಲುಗೋಡೆ ಇಲ್ಲಿ ಆಗದು, ಮರ ಸೀಳಿದ ಹಲಗೆಯ ಗೋಡೆ. ಹುಲ್ಲಿನ ಸೂರು ಆಗದು, ತೊಗಟೆಯ ಸೂರು. ಮಿಕ್ಕಿದ್ದೆಲ್ಲ ಹಾಗೇ. ಕಣ್ಣು ಮುಚ್ಚಿಕೊಂಡು ನಿಂತು, ಒಲೆಯಿಂದ ಮಂಚಕ್ಕೆ ಎಷ್ಟು ಹೆಜ್ಜೆ, ಮಂಚದಿಂದ ಕಿಟಕಿಗೆ ಎಷ್ಟು ಎಂದು ನಡೆದು ನಡೆದು ಗೂಟ ಹೊಡೆದ. ಉಪ್ಪಿನ ಡಬ್ಬಿ ಇಡಲು ಒಲೆಯ ಬಲಕ್ಕೆ ಒಂದು ಗೂಡು. ಕಿಟಕಿಗೆ ನಾಲ್ಕು ಚೌಕ. ಕೋಳಿ ಒಳಗೆ ಬಾರದ ಹಾಗೆ, ಮೇಲರ್ಧ ತೆರೆದರೆ ಕೆಳಗರ್ಧ ಮುಚ್ಚಿಯೇ ಇರುವ ಬಾಗಿಲು. ಆ ಅರ್ಧ ಬಾಗಿಲ ಮೇಲೆ ಮೊಣಕೈ ಊರಿ ಹನೋರಾ ನಿಂತಿರುತ್ತಿದ್ದಳಲ್ಲ, ಆ ಚಿತ್ರವನ್ನು ಏಳು ವರ್ಷವೂ ಕುರಿಗಳ ಹಿಂದೆ ಹೊತ್ತು ತಿರುಗಿದ್ದ.

ಮನೆಯ ದಿಕ್ಕಿಗೆ ಅವರಪ್ಪ ಕಲಿಸಿದ ಲೆಕ್ಕ ಇತ್ತು: ಎಡಗೈಯನ್ನು ಸೂರ್ಯ ಹುಟ್ಟುವ ಕಡೆ ಚಾಚಿ ನಿಲ್ಲು, ಮೂಗಿನ ನೇರಕ್ಕೆ ಬಾಗಿಲು ಇಡು, ದಿನವೆಲ್ಲ ಬಿಸಿಲು. ಅವರಪ್ಪ ಐರ್ಲೆಂಡ್ ಬಿಟ್ಟು ಒಂದು ಗೇಣು ಆಚೆ ಹೋದವನಲ್ಲ. ಫೆಲಿಮ್ ಏಳು ವರ್ಷ ಈ ಆಕಾಶದ ಕೆಳಗೆ ಕುರಿ ಕಾಯ್ದಿದ್ದರೂ ಕೈಗೆ ಹತ್ತಿದ ಅಭ್ಯಾಸ ಕಣ್ಣನ್ನು ಕೇಳಲಿಲ್ಲ. ಎಡಗೈ ಚಾಚಿದ, ಮೂಗಿನ ನೇರಕ್ಕೆ ಗೂಟ ಹೊಡೆದ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಏನೂ ತಿಳಿಯಲಿಲ್ಲ. ಮೇ ತಿಂಗಳಿಗೆ ಅಂಗಳ ಕಪ್ಪಾಯಿತು, ಜೂನ್‌ಗೆ ಹೊಸ್ತಿಲ ಮೇಲೆ ಮಂಜುಗಡ್ಡೆ ಕೂತಿತು, ಆಗಸ್ಟ್ ಆದರೂ ಕರಗಲಿಲ್ಲ.

“ಏನಯ್ಯಾ ಫೆಲಿಮ್, ಸೂರ್ಯನ ಜೊತೇನೂ ಮಾತು ಬಿಟ್ಟೆಯಾ?” ಎಂದು ಕೇಳಿದರು ಶಾನಹನ್ ಮೇಷ್ಟ್ರು, ಒಳಗೆ ಬಂದರೂ ಕೋಟು ಬಿಚ್ಚದೆ.

“ನನ್ನ ಮನೆ, ನನ್ನ ಚಳಿ, ಮೇಷ್ಟ್ರೇ. ನಿಮಗೇನು?”

“ಹಿಂದಿನ ಗೋಡೇಲಿ ನಾಲ್ಕು ಹಲಗೆ ಕಿತ್ತು ಒಂದು ಬಾಗಿಲು ಇಡು. ಅರ್ಧ ದಿನದ ಕೆಲಸ. ಬೇಕಾದ್ರೆ ನಾನೇ ಬರ್ತೀನಿ.”

“ನಮ್ಮ ಮನೇಗೆ ಆ ಕಡೆ ಬಾಗಿಲೇ ಇರ್ಲಿಲ್ಲ. ಅವಳು ಬಂದು ನೋಡಿದ್ರೆ ಇದ್ಯಾರ ಮನೆ ಅಂತಾಳೆ. ಕಣ್ಣು ಕಟ್ಟಿ ಬಿಟ್ರೂ ನಮ್ಮ ಮನೆ ನನಗೆ ಗೊತ್ತು ಮೇಷ್ಟ್ರೇ, ಗೋಡೆ ಅಂದ್ರೆ ಗೋಡೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ಯಾರು ವಾದ ಮಾಡುತ್ತಾರೆ? ಮೇಷ್ಟ್ರು ಒಲೆಯ ಹತ್ತಿರ ಸ್ಟೂಲು ಎಳೆದುಕೊಂಡರು. ಹಳ್ಳದ ದಾರಿಯಲ್ಲಿ ಹೋಗುತ್ತಿದ್ದ ನುನವಾಲ್ ಹೆಂಗಸರು ಕೂಡ ಆ ಮನೆಯನ್ನು ಬೊಟ್ಟು ಮಾಡಿ ನಗುತ್ತಿದ್ದರು. ಅವರಲ್ಲಿ ವಯಸ್ಸಾದವಳನ್ನು ಬಿಳಿಯರೆಲ್ಲ ಮೇರಿ ಎಂದು ಕರೆಯುತ್ತಿದ್ದರು. ಅವಳ ನಿಜವಾದ ಹೆಸರೇನೆಂದು ಕೇಳುವ ಸೌಜನ್ಯ ಯಾರಿಗೂ ಇರಲಿಲ್ಲ. ಅವಳು ಸೂರ್ಯನ ಕಡೆ ಬೆನ್ನು ಮಾಡಿ, ಮೈ ಕುಗ್ಗಿಸಿ ಗಡಗಡ ನಡುಗಿ ತೋರಿಸಿ ಫೆಲಿಮ್‌ನನ್ನು ಅಣಕಿಸುತ್ತಿದ್ದಳು. ಫೆಲಿಮ್ ಟೋಪಿ ಎತ್ತಿ ಅವಳಿಗೆ ನಮಸ್ಕಾರ ಮಾಡಿ ಒಳಗೆ ಹೋಗುತ್ತಿದ್ದ. ಒಲೆಯ ಬೆಂಕಿಯನ್ನು ಅವನೂ ಆರಗೊಡುತ್ತಿರಲಿಲ್ಲ. ಪ್ರತಿ ಸಂಜೆ ಬೂದಿ ಮುಚ್ಚುತ್ತಿದ್ದ. ಹೆಂಗಸರ ಪ್ರಾರ್ಥನೆ ಅವನಿಗೆ ಪೂರ್ತಿ ಬರುತ್ತಿರಲಿಲ್ಲ, ಬಂದಷ್ಟು ಹೇಳುತ್ತಿದ್ದ.

ಎರಡನೆಯ ಚಳಿಗಾಲಕ್ಕೆ ಸರಕಾರದಿಂದ ಕಾಗದ ಬಂತು. ಮೇಷ್ಟ್ರು ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಮತ್ತೆ ಮೊದಲಿಂದ ಓದಿದರು, ಫೆಲಿಮ್ ಅವರ ಮುಖವನ್ನೇ ನೋಡುತ್ತಿದ್ದ.

“ಸತ್ತುಹೋದ್ಲಾ?” ಎಂದು ಕೇಳಿದ.

“ಇಲ್ಲಪ್ಪ, ಚೆನ್ನಾಗಿದ್ದಾಳೆ. ಮಗಳೂ ಚೆನ್ನಾಗಿದ್ದಾಳೆ. ನೆಸ್ಸಾ ಅಂತ ಹೆಸರಿಟ್ಟಿದ್ದಾಳೆ.” ಮೇಷ್ಟ್ರು ಕಾಗದ ಮಡಚಿದರು. “ಬರೋಕೆ ಒಪ್ಪಲಿಲ್ಲವಂತೆ.”

ಊರಿನ ಪಾದ್ರಿ ಅವಳ ಮಾತನ್ನೇ ಕೆಳಗೆ ಬರೆದು ಕಳಿಸಿದ್ದರು. ಫೆಲಿಮ್ ಅದನ್ನು ಮೂರು ಸಲ ಓದಿಸಿದ. ‘ಬರ್ತೀನಿ ಅಂದವನು ಅವನು. ಬೆಂಕಿ ಆರಿಸ್ಬೇಡ ಅಂದವನೂ ಅವನೇ. ನಾನು ಹಡಗು ಹತ್ತಿದರೆ ಬೆಂಕಿ ನೋಡೋರು ಯಾರು? ಅವನ ಏಳು ವರ್ಷ ಇನ್ನೇನು ಮುಗೀತು. ಮನೆಗೆ ಬರಲಿ. ನಾನು ಎಲ್ಲಿಗೂ ಬರಲ್ಲ.’

ಫೆಲಿಮ್‌ಗೆ ಹೆಮ್ಮೆಯಿಂದ ಎದೆ ಉಬ್ಬಿತು, ಮರುಕ್ಷಣವೇ ಕುಸಿಯಿತು. ಶಿಕ್ಷೆಯೇನೋ ಮುಗಿದಿತ್ತು. ಬಿಡುಗಡೆಯ ಪತ್ರ ಪೆಟ್ಟಿಗೆಯಲ್ಲಿತ್ತು. ಆದರೆ ಹೊತ್ತು ತಂದ ಸರಕಾರ ಹೊತ್ತುಕೊಂಡು ಹೋಗುವುದಿಲ್ಲ. ಊರಿಗೆ ಹೋಗುವವನು ಹಡಗಿನಲ್ಲಿ ಕೂಲಿಗೆ ಸೇರಿ ಹೋಗಬೇಕು. ಫೆಲಿಮ್‌ನ ಎಡಗಾಲು ಒಂದು ವರ್ಷ ಬಂಡಿ ಮಗುಚಿ ಮುರಿದಿತ್ತು. ಕುಂಟುವವನನ್ನು ಹಡಗಿನವರು ಮೂಸಿಯೂ ನೋಡುತ್ತಿರಲಿಲ್ಲ. ಎರಡು ಸಲ, ಬೆಂಕಿ ನೋಡಿಕೊಳ್ಳಲು ಮೇಷ್ಟ್ರನ್ನು ಮನೆಯಲ್ಲಿ ಬಿಟ್ಟು, ಸಿಡ್ನಿಯವರೆಗೆ ನಡೆದುಹೋಗಿ ಕೇಳಿ ವಾಪಸು ಬಂದಿದ್ದ.

“ಹಾಗಾದ್ರೆ ನಿಜ ಬರೆದುಬಿಡೋಣ,” ಅಂದರು ಮೇಷ್ಟ್ರು. “ನಾನು ಬರಲ್ಲ, ಬೆಂಕಿ ಆರಿಸಿ ನೀನೇ ಬಾ. ಇಷ್ಟೇ. ಎರಡು ಸಾಲು.”

“ಬೇಡ.”

“ಯಾಕಯ್ಯಾ?”

“ಬರಲ್ಲ ಅಂತ ನಾನೇ ಹೆಂಗೆ ಹೇಳಲಿ? ಬರಲ್ಲ ಅಂದ್ರೆ...” ಫೆಲಿಮ್ ಕಾಗದವನ್ನು ಮೇಷ್ಟ್ರ ಕೈಯಿಂದ ತೆಗೆದುಕೊಂಡ. “ಈ ಸಲದ ಉಣ್ಣೆ ಕತ್ತರಿಸೋದು ಮುಗೀಲಿ. ಆಮೇಲೆ ಇನ್ನೊಂದು ಸಲ ಬಂದರಿಗೆ ಹೋಗಿ ಬರ್ತೀನಿ. ಯಾವನಾದ್ರೂ ಒಬ್ಬ ಸೇರಿಸ್ಕೋತಾನೆ.”

ಉಣ್ಣೆ ಕತ್ತರಿಸುವುದು ಮುಗಿಯಿತು. ಮತ್ತೆ ಬಂತು, ಮತ್ತೆ ಮುಗಿಯಿತು. ಅವನು ಅವಳನ್ನು ಕರೆಯಲಿಲ್ಲ, ತಾನೂ ಹೋಗಲಿಲ್ಲ. ಹಡಗು ಬಂದ ಸುದ್ದಿ ಕೇಳಿದ ದಿನ ಮಾತ್ರ ಅಂಗಳ ಗುಡಿಸಿ, ಅರ್ಧ ಬಾಗಿಲ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದ. ಅವಳು ನಿಲ್ಲುತ್ತಿದ್ದ ಹಾಗೇ ನಿಂತರೆ ಅವಳ ಮೈಯ ಬಿಸಿ ಸ್ವಲ್ಪ ತನಗೂ ತಾಗೀತು ಅನ್ನಿಸುತ್ತಿತ್ತೋ ಏನೋ. ಬಾಗಿಲಿನಿಂದ ಬರುತ್ತಿದ್ದದ್ದು ತಣ್ಣನೆ ಗಾಳಿ.

ಹೀಗೆ ಇನ್ನೆಷ್ಟು ವರ್ಷ ಹೋಗುತ್ತಿತ್ತೋ. ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ಅವನು ತಪ್ಪಿಸಿಕೊಂಡ ಕುರಿ ಹುಡುಕಲು ಹಳ್ಳ ದಾಟಿ ಹೋದ. ಮೇಲಿನ ಗುಡ್ಡದಲ್ಲಿ ಮಳೆಯಾಗಿ ಹಳ್ಳ ತುಂಬಿಕೊಂಡಿತು. ಮೂರು ದಿನ ಆಚೆ ದಡದಲ್ಲಿ ಕೂತು ತನ್ನ ಮನೆಯ ಹೊಗೆಯನ್ನು ನೋಡಿದ. ಮೊದಲ ದಿನ ಹೊಗೆ ಇತ್ತು. ಎರಡನೆಯ ದಿನ ನೂಲಿನಷ್ಟು ಇತ್ತು. ಮೂರನೆಯ ದಿನ ಇರಲಿಲ್ಲ.

ನೀರು ಇಳಿದ ಮೇಲೆ ಕುಂಟುತ್ತ ಓಡಿಬಂದು ಬೂದಿ ಕೆದಕಿದ. ಕೈಯೆಲ್ಲ ಬೂದಿಯಾಯಿತು, ಒಂದು ಕಿಡಿ ಸಿಗಲಿಲ್ಲ. ಚಕಮಕಿ ಕಲ್ಲು ಇತ್ತು, ಹೊಸದಾಗಿ ಹೊತ್ತಿಸಬಹುದಿತ್ತು. ಆದರೆ ಆರಿದ ಒಲೆಗೆ ನೆರೆಯ ಕೆಂಡವೇ ಆಗಬೇಕು ಎಂದು ಅವನ ರಕ್ತದಲ್ಲಿತ್ತು. ಮೇಷ್ಟ್ರ ಗುಡಿಸಲು ಅರ್ಧ ದಿನದ ದಾರಿ. ಹಳ್ಳದ ತಿರುವಿನಲ್ಲಿ ಹೊಗೆ ಕಂಡಿತು. ಮಡಕೆ ಹಿಡಿದು ಅಲ್ಲಿಗೇ ಹೋದ.

ಮೇರಿಯ ಮನೆಯವರು ಬೆಂಕಿಯ ಸುತ್ತ ಕೂತಿದ್ದರು. ಕೈದಿಯಾಗಿ ಬಂದು ತಮ್ಮ ಹಳ್ಳವನ್ನು ತನ್ನದು ಮಾಡಿಕೊಂಡವನು ಖಾಲಿ ಮಡಕೆ ಚಾಚಿ ನಿಂತದ್ದನ್ನು ನೋಡಿ ಅವಳಿಗೆ ಏನನ್ನಿಸಿತೋ. ಈ ಸಲ ಅಣಕಿಸಲಿಲ್ಲ. ಎರಡು ಕೋಲಿನಿಂದ ಕೆಂಡ ಎತ್ತಿ ಮಡಕೆಗೆ ಹಾಕಿದಳು. ಅವಳ ಸೊಸೆ ಇನ್ನೆರಡು ಹಾಕಿದಳು. ಬೆಂಕಿ ಕೇಳಲು ಬಂದವನನ್ನು ಅಲ್ಲಿ ಯಾರೂ ಹಿಡಿದುಕೊಡಲಿಲ್ಲ. ಫೆಲಿಮ್ ದಾರಿಯುದ್ದಕ್ಕೂ ಅಳುತ್ತ ಬಂದ.

ಒಲೆ ಹೊತ್ತಿಸಿ ಕೂತಾಗ ಅವನಿಗೆ ಒಂದು ಮಾತು ಹೊಳೆಯಿತು. ಮೂರು ದಿನ ಮನೆ ಬಿಟ್ಟದ್ದಕ್ಕೆ ತನ್ನ ಬೆಂಕಿ ಆರಿತು. ಹಾಗಾದರೆ ಹನೋರಾ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮನೆ ಬಿಟ್ಟಿಲ್ಲ. ತಂಗಿಯ ಮದುವೆಗೆ ಹೋಗಿ ಉಳಿದಿಲ್ಲ. ತಾಯಿ ಸಾಯುವಾಗ ಪಕ್ಕದಲ್ಲಿ ಮಲಗಿಲ್ಲ. ಉಡಿಯಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಕೂತಿದ್ದಾಳೆ, ತಾನು ಗಾಡಿಯ ಮೇಲಿಂದ ಕೂಗಿದ ಒಂದು ಮಾತಿಗೆ. ನ್ಯಾಯಾಧೀಶರು ತನಗೆ ಏಳು ವರ್ಷ ಎಂದು ಒಂದು ಕೊನೆ ಹೇಳಿದ್ದರು. ತಾನು ಅವಳಿಗೆ ಕೊಟ್ಟ ಶಿಕ್ಷೆಗೆ ಕೊನೆ ಇರಲಿಲ್ಲ.

ಮರುದಿನ ಮಧ್ಯಾಹ್ನ ಮೇಷ್ಟ್ರ ಗುಡಿಸಲಿನ ಎದುರು ನಿಂತಿದ್ದ.

“ಬರೀರಿ ಮೇಷ್ಟ್ರೇ.”

“ಏನಂತ?”

“ಫೆಲಿಮ್ ಬರಲ್ಲ ಅಂತ ಬರೀರಿ.” ಅವನು ಟೋಪಿಯನ್ನು ಹಿಂಡುತ್ತಿದ್ದ. “ಇನ್ಯಾವತ್ತೂ ಊರಿಗೆ ಬರಲ್ಲ. ಆ ಹೊಲ, ಆ ಬಾವಿ, ಅಪ್ಪನ ಸಮಾಧಿ, ಯಾವುದನ್ನೂ ಇನ್ನು ನೋಡಲ್ಲ. ಬೆಂಕಿ ಆರಿಸಿ ಬಾ. ಇಷ್ಟು ದಿನ ಹೇಳದೆ ಇದ್ದದ್ದು ತಪ್ಪಾಯ್ತು ಅಂತಾನೂ ಬರೀರಿ. ಬರೋಕೆ ಇಷ್ಟ ಇಲ್ದಿದ್ರೂ ಆರಿಸು. ತಂಗಿಯ ಮನೆಗೆ ಹೋಗು, ನಾಲ್ಕು ದಿನ ಇರು, ನೆಮ್ಮದಿಯಾಗಿ ನಿದ್ದೆ ಮಾಡು.”

ಮೇಷ್ಟ್ರು ತಮಾಷೆ ಮಾಡಲಿಲ್ಲ. ಆ ಮುದ್ದಾದ ಅಕ್ಷರದಲ್ಲಿ ಬರೆದರು, ಮರಳು ಉದುರಿಸಿ ಒಣಗಿಸಿದರು. ಅವತ್ತು ಫೆಲಿಮ್ ಹಿಂತಿರುಗುವಾಗ, ಜೀವನದಲ್ಲಿ ಮೊದಲ ಸಲ, ಈ ಕಣಿವೆಯನ್ನು ಇನ್ನು ಮುಂದೆ ತನ್ನ ಊರು ಇದೇ ಎಂಬಂತೆ ನೋಡಿದ. ಚೆನ್ನಾಗಿತ್ತು. ಚೆನ್ನಾಗಿರುವುದೇ ಅವನಿಗೆ ಸಂಕಟವಾಯಿತು.

ಮೂರು ವರ್ಷ ಕಳೆದವು. ಕಾಗದ ಹೋಗಲು ಆರು ತಿಂಗಳು, ಕಚೇರಿಗಳಲ್ಲಿ ನಿದ್ದೆ ಮಾಡಲು ಒಂದು ವರ್ಷ, ಹಡಗು ಸಿಗಲು ಇನ್ನೆಷ್ಟೋ. 1836ರ ಜೂನ್ ಕೊನೆಗೆ ಯಾಸ್ ಊರಿನ ಅಂಗಡಿಯವನು ಹೇಳಿಕಳಿಸಿದ: ಹೆಫರ್ನನ್ ಹೆಂಡತಿ ಮತ್ತು ಮಗಳು ಸಿಡ್ನಿಯಲ್ಲಿ ಇಳಿದಿದ್ದಾರೆ, ಉಣ್ಣೆ ಬಂಡಿ ವಾಪಸು ಬರುವಾಗ ಕರೆದುಕೊಂಡು ಬರುತ್ತದೆ. ಫೆಲಿಮ್ ಮನೆಗೆ ಸುಣ್ಣ ಬಳಿದ. ಬಂಡಿ ದಾರಿ ದಕ್ಷಿಣದ ಕಡೆಯಿಂದ, ಹಳ್ಳದ ತಗ್ಗನ್ನು ದಾಟಿ, ನೇರ ಅಂಗಳಕ್ಕೆ ಬರುತ್ತದೆ. ಬಂಡಿ ತಿರುವು ದಾಟಿದ ತಕ್ಷಣ ಅವಳಿಗೆ ಮನೆ ಕಾಣುತ್ತದೆ, ನಾಲ್ಕು ಚೌಕದ ಕಿಟಕಿ ಕಾಣುತ್ತದೆ, ಅರ್ಧ ಬಾಗಿಲು ಕಾಣುತ್ತದೆ. ಮುಂದಿನದನ್ನು ಯೋಚಿಸಲು ಅವನಿಗೆ ಧೈರ್ಯವಿರಲಿಲ್ಲ.

ಅವತ್ತು ಬೆಳಿಗ್ಗೆಯಿಂದ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅಂಗಳದ ನೆರಳಿನಲ್ಲಿ ಮಂಜು ಕಲ್ಲಿನ ಹಾಗಿತ್ತು. ಮಧ್ಯಾಹ್ನವಾಯಿತು. ಕಾಲು ಮರಗಟ್ಟಿತು. ದಾರಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಮನಸ್ಸು ಬದಲಾಯಿಸಿದಳೋ, ಬಂಡಿ ಮಗುಚಿತೋ, ಬಂದವಳು ಬೇರೆ ಯಾವ ಹೆಫರ್ನನ್ ಹೆಂಡತಿಯೋ ಎಂದು ಏನೇನೋ ಯೋಚಿಸಿದ.

ಆಗ ಮನೆಯೊಳಗೆ, ಅವನ ಬೆನ್ನ ಹಿಂದೆ, ಯಾರೋ ಬಡಿದ ಸದ್ದಾಯಿತು.

ತಿರುಗಿ ನೋಡಿದ. ಯಾರೂ ಇಲ್ಲ. ಮತ್ತೆ ಬಡಿದರು. ಹಿಂದಿನ ಗೋಡೆಯ ಹಲಗೆಯ ಮೇಲೆ, ಮೂರು ಸಲ, ನೆರೆಯವರು ಬಾಗಿಲು ಬಡಿಯುವ ಹಾಗೆ.

ಫೆಲಿಮ್ ಮನೆ ಸುತ್ತಿ ಹಿಂದಕ್ಕೆ ಓಡಿದ. ಅಲ್ಲಿ ಬಿಸಿಲು ಎಷ್ಟಿತ್ತೆಂದರೆ ಅವನಿಗೆ ಕಣ್ಣು ಬಿಡಲಾಗಲಿಲ್ಲ. ದೂರದಲ್ಲಿ ಬಂಡಿ ನಿಂತಿತ್ತು. ತಗ್ಗಿನಲ್ಲಿ ನೀರು ಹೆಚ್ಚಾಗಿದೆಯೆಂದು ಬಂಡಿಯವನು ಮೇಲಿನ ದಾರಿ ಹಿಡಿದಿದ್ದ. ಗೋಡೆಯ ಮುಂದೆ ಹನೋರಾ ಮಗಳ ಕೈ ಹಿಡಿದು ನಿಂತಿದ್ದಳು: “ನೀನು ಕೆಂಡ ತರೋಕೆ ಹೋದ ಹಿತ್ತಿಲ ಬಾಗಿಲು ಎಲ್ಲಿ, ಮಾರಾಯ?”